ಬಳೆಯಿಲ್ಲದ ತೋಳು

ಆ ಚಿತ್ರದಲ್ಲಿ ಮೊದಲು ಬರೆದದ್ದು ಅವಳ ಕಿವಿಯನ್ನು ಎಂದು ಹೇಳಿಕೊಳ್ಳುವುದು ನನಗೆ ಇಷ್ಟ. ಇಷ್ಟವಾಗುತ್ತದೆ ಎಂಬ ಕಾರಣಕ್ಕೇ ಆ ನೆನಪನ್ನು ನಂಬುವುದಿಲ್ಲ.

ಎಂಬತ್ತರ ದಶಕದ ಕೊನೆ. ಹಾವೇರಿಯಲ್ಲಿ ಚಿತ್ರಕಲೆ ಕಲಿಸುತ್ತಿದ್ದೆ. ರಾಣೆಬೆನ್ನೂರಿನ ಡಾಕ್ಟರಮ್ಮ ಒಬ್ಬರು ತಮ್ಮ ದವಾಖಾನೆಯ ಗೋಡೆಗೆ ಚಿತ್ರ ಬೇಕೆಂದರು. ದೇವರದಲ್ಲ, ಅಲ್ಲಿಗೆ ಬರುತ್ತಿದ್ದ ಲಂಬಾಣಿ ಹೆಂಗಸಿನದು.

ಅವಳು ಬ್ಯಾಡಗಿ ಕಡೆಯ ತಾಂಡಾದವಳು. ವಾರಕ್ಕೆರಡು ಸಲ ತಾಂಡಾದ ಬಸುರಿಯರನ್ನು ಬಸ್ಸಿನಲ್ಲಿ ಕರೆತಂದು, ಅವರ ಮಾತನ್ನು ಕನ್ನಡದಲ್ಲಿ, ಡಾಕ್ಟರಮ್ಮನ ಮಾತನ್ನು ಲಂಬಾಣಿಯಲ್ಲಿ ತಿರುಗಿಸಿ ಹೇಳುತ್ತಿದ್ದಳು. ಚೀಟಿ ಬರೆಸುವಾಗ ಗಂಡನ ಹೆಸರು ಕೇಳಿದರೆ ಬಂದವರು ಸೆರಗು ಕಚ್ಚಿ ನಿಲ್ಲುವರು. ಹೆಂಡತಿಯಾದವಳು ಅದನ್ನು ಬಾಯಿಗೆ ತರಬಾರದು. ಎಲ್ಲರ ಪರವಾಗಿ ಅವಳೇ ಹೇಳುವಳು.

"ತಾಂಡಾದ ಗಂಡಸರೆಲ್ಲಾ ನನ್ನ ನಾಲಗಿ ಮ್ಯಾಲೆ ಕುಂತಾರ್ರಿ, ನನ್ನವನೊಬ್ಬನ್ನ ಬಿಟ್ಟು," ಎಂದು ನಗುತ್ತಿದ್ದಳು. ಅವಳ ಗಂಡ ರಸ್ತೆ ಕೆಲಸಕ್ಕೆಂದು ಗೋವಾಕ್ಕೆ ಹೋಗಿ ನಾಲ್ಕು ತಿಂಗಳಾಗಿತ್ತು. ಸುದ್ದಿಯಿರಲಿಲ್ಲ.

ನನಗಾಗ ಬರೆದದ್ದಕ್ಕೆಲ್ಲ ಒಂದು ಅರ್ಥ ಕಟ್ಟುವ ಹುಚ್ಚು. ಕಿವಿ ದೊಡ್ಡದಾಯಿತು. ಬಾಯಿ ಒಂದು ಗೆರೆ. ಕುಪ್ಪಸದ ಕನ್ನಡಿಗಳಲ್ಲಿ ಕಾಯುತ್ತ ಕುಳಿತ ಹೆಂಗಸರ ಮುಖ. ಭುಜದಿಂದ ಬೆರಳ ತುದಿಯವರೆಗೆ ತುಂಡಾಗದ ಒಂದೇ ರೇಖೆ: ಎರಡು ಭಾಷೆಗಳ ನಡುವಿನ ಸೇತುವೆ. ಮೊಣಕೈ ಮೇಲಿನ ಬಿಳಿ ಬಳೆಗಳು ಆ ರೇಖೆಯನ್ನು ಕತ್ತರಿಸುತ್ತಿದ್ದವು. ಬಿಟ್ಟೆ.

ಚಿತ್ರ ಗೋಡೆಗೇರಿತು. ಎರಡು ವಾರದ ಮೇಲೆ ಡಾಕ್ಟರಮ್ಮ ಹೇಳಿಕಳಿಸಿದರು: ತಾಂಡಾದಿಂದ ಒಬ್ಬ ಬಸುರಿಯೂ ಬರುತ್ತಿಲ್ಲ.

ಹೋದಾಗ ಅವಳು ಚಿತ್ರದೆದುರು ಬೆಂಚಿನ ಮೇಲಿದ್ದಳು, ಪಕ್ಕದಲ್ಲಿ ಅವಳ ಅತ್ತೆ. ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸದಿಂದ ನೇರ ಬಂದಿರಬೇಕು. ಖಾರ ಕಣ್ಣಿಗೆ ತಾಗದಂತೆ ಇಬ್ಬರೂ ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡಿದ್ದರು.

ಇದರಾಗ ಏನೇನೈತಿ ಹೇಳ್ರಿ ಸರ, ಅಂದಳು. ಕಿವಿ, ಕನ್ನಡಿ, ಸೇತುವೆ ಎಲ್ಲ ವಿವರಿಸಿದೆ. ನನ್ನ ಅಷ್ಟುದ್ದದ ಮಾತು ಲಂಬಾಣಿಯಲ್ಲಿ ನಾಲ್ಕೇ ಪದವಾಗಿ ಅತ್ತೆಯನ್ನು ಮುಟ್ಟಿತು. ಮುದುಕಿ ಏನೋ ಅಂದಳು. ಅವಳು ಅದನ್ನು ತಿರುಗಿಸಲಿಲ್ಲ. ಡಾಕ್ಟರಮ್ಮ ಎರಡನೆಯ ಸಲ ಕೇಳಿದ ಮೇಲೆ ನೆಲ ನೋಡುತ್ತ ಹೇಳಿದಳು:

"ತೋಳಿನ ಬಳಿಗೋಳನ್ನ ನಾವು ಗಂಡ ಸತ್ತಾಗ ತಗೀತೇವ್ರಿ. ನೀವು ಬರದದ್ದಕ್ಕ ನಮ್ಮಲ್ಲಿ ಅದೊಂದ ಅರ್ಥ."

ಗೋವಾದಲ್ಲಿ ಅವಳ ಗಂಡ ಸತ್ತ ಸುದ್ದಿ ಪೇಟೆಗೆ ಮೊದಲೇ ಮುಟ್ಟಿದೆ, ದವಾಖಾನೆಯವರು ಬಾಯಿ ಬಿಡುತ್ತಿಲ್ಲ ಎಂದು ತಾಂಡಾ ನಂಬಿತ್ತು. ವಿಧವೆಯ ಹಿಂದೆ ಬಸುರಿಯರು ಬಸ್ಸು ಹತ್ತುವುದಿಲ್ಲ.

ನನ್ನ ಕಿವಿ ಬಿಸಿಯಾಯಿತು. ಚಿತ್ರ ಇಳಿಸಿಬಿಡುತ್ತೇನೆ ಅಂದೆ.

"ಇಳಿಸಿದ್ರ ಅದು ಖರೇ ಆಕ್ಕತ್ರಿ. ಬಳಿ ಹಾಕ್ರಿ."

ಅಲ್ಲೇ ಹಾಕಿದೆ. ಅವಳು ಸೆರಗು ಸರಿಸಿ ತೋಳು ಚಾಚಿದಳು: ಮೇಲೆ ಅಗಲದವು, ಕೆಳಗೆ ಬರುತ್ತ ಸಣ್ಣವು. ಮುದುಕಿ ಎದ್ದು ಬಂದು ಒಂದೊಂದನ್ನೂ ಸರಿನೋಡಿದಳು. ಎಷ್ಟಿದ್ದವು? ಹನ್ನೊಂದು ಎಂದು ಬಹಳ ಕಾಲ ಹೇಳಿಕೊಂಡು ಬಂದೆ. ಒಂಬತ್ತು ಅನ್ನುತ್ತಾರೆ ಡಾಕ್ಟರಮ್ಮ. ನನ್ನ ಸೇತುವೆ ಅಷ್ಟು ಕಡೆ ತುಂಡಾದದ್ದಂತೂ ನಿಜ.

ಚಿತ್ರದ ಅಡಿಯಲ್ಲಿ ಅವಳ ಹೆಸರು ಬರೆಯುವಾಗ ಗಂಡನ ಹೆಸರೂ ಇರಲಿ ಅಂದಳು, ಇದ್ದಾನೆಂದು ತಿಳಿಯಲಿ. ಏನು ಹೆಸರು ಎಂದು ಕೇಳಿಬಿಟ್ಟೆ. ಅವಳು ಸೆರಗು ಕಚ್ಚಿದಳು. ಮುದುಕಿ ನನ್ನ ಕಡೆ ತಿರುಗಿ ಮಗನ ಹೆಸರನ್ನು ಎರಡು ಸಲ ಹೇಳಿದಳು.

ಮುಂದಿನ ವಾರ ಅವಳ ಹಿಂದೆ ಮೂವರು ಬಸುರಿಯರು ಬಂದರಂತೆ. ನಾನು ಅಲ್ಲಿರಲಿಲ್ಲ. ಆದರೆ ಎಣ್ಣೆಬಣ್ಣ ಬೇಗ ಒಣಗುವುದಿಲ್ಲ. ಆಮೇಲೆ ನೋಡಿದಾಗ ಕೆಳಗಿನ ಬಳೆಯ ಮೇಲೆ ಯಾರೋ ಮುಟ್ಟಿ ನೋಡಿದ ಬೆರಳಿನ ಗುರುತು ಉಳಿದಿತ್ತು. ಅದನ್ನು ತಿದ್ದಲಿಲ್ಲ.