ನಾರಾಯಣಮ್ಮನ ನೀಲಿ

ಚಾಮರಾಜಪೇಟೆಯಲ್ಲಿ ಟೀ ಶರ್ಟಿನ ಮೇಲೆ ಪ್ರಿಂಟ್ ಹಾಕಿಸಬೇಕು ಅಂತ ಯಾರನ್ನು ಕೇಳಿದರೂ ನಾರಾಯಣಮ್ಮನ ಶೆಡ್ಡಿನ ಕಡೆಗೇ ಕೈ ತೋರಿಸುತ್ತಾರೆ. ಅರವತ್ತೆರಡರ ಹೆಂಗಸು. ಸೀರೆಯ ಮೇಲೆ ಗಂಡನ ಹಳೇ ಶರ್ಟು, ಅದರ ತುಂಬ ಮೂವತ್ತು ವರ್ಷದ ಬಣ್ಣ. ಚೌಕಟ್ಟಿಗೆ ಬಿಗಿದ ಬಲೆಬಟ್ಟೆಯ ಮೇಲೆ ಬಣ್ಣ ಸುರಿದು ರಬ್ಬರು ಪಟ್ಟಿಯಿಂದ ಎಳೆದರೆ ಕೆಳಗಿನ ಬಟ್ಟೆಗೆ ಚಿತ್ರ ಇಳಿಯುತ್ತದಲ್ಲ, ಆ ಕೆಲಸ. ಆಕೆ ಕಸುಬಿಗೆ ಬಂದದ್ದು ಆ ಚೌಕಟ್ಟು, ಅಂದರೆ ಸ್ಕ್ರೀನ್, ತೊಳೆಯುವ ಆಳಾಗಿ. ಗಂಡಸರು ಎಳೆಯುತ್ತಿದ್ದರು, ಈಕೆ ತೊಳೆಯುತ್ತಿದ್ದಳು, ತೊಳೆಯುತ್ತಲೇ ಎಲ್ಲವನ್ನೂ ಕದ್ದು ಕಲಿತಳು. ಹಾಗೆ ಕಲಿತ ವಿದ್ಯೆಗೆ ಜಂಬ ಸ್ವಲ್ಪ ಜಾಸ್ತಿಯೇ ಅನ್ನಿ.

ಜಂಬವೆಲ್ಲ ಕಣ್ಣಿನ ಮೇಲೆ. ಬೇರೆಯವರು ಗ್ರಾಂ ಲೆಕ್ಕದಲ್ಲಿ ಬಣ್ಣ ತೂಗಿ ಬೆರೆಸುತ್ತಾರೆ. ಈಕೆಗೆ ತಕ್ಕಡಿಯೂ ಬೇಡ, ಮಾದರಿಯೂ ಬೇಡ. ಯಾರಾದರೂ ಹಳೇ ಶರ್ಟು ತಂದು ತೋರಿಸಿದರೆ ಮೂಗಿನ ತುದಿಗೆ ಕೋಪ. "ಮಡಚಿ ಒಳಗಿಟ್ಕೊಳಿ. ನಿಮ್ ಬಣ್ಣ ನನ್ ತಲೇಲಿದೆ!" ಅಷ್ಟೂ ವರ್ಷದಲ್ಲಿ ಒಂದು ಆರ್ಡರೂ ವಾಪಸ್ ಬಂದಿರಲಿಲ್ಲ.

ಹೋದ ದೀಪಾವಳಿ ಹೊತ್ತಿಗೆ ವಸಂತ್ ಬಂದರು. ಬ್ಯಾಂಕಿನಿಂದ ನಿವೃತ್ತರು, ಪಾರ್ಕಿನ ಶಟಲ್ ತಂಡದ ಕ್ಯಾಪ್ಟನ್. ಪ್ರತಿ ವರ್ಷದಂತೆ ಬಿಳಿ ಶರ್ಟಿನ ಬೆನ್ನಿಗೆ ನವಿಲು ನೀಲಿಯ ದೊಡ್ಡ ಶಟಲ್ ಕಾಕು. ನಾರಾಯಣಮ್ಮ ಬೆರೆಸಲು ಕೂತಳು. ನೀಲಿ ಯಾಕೋ ಮಂಕು. ಇನ್ನೊಂದು ಚಮಚ ಹಾಕಿದಳು, ಇನ್ನೂ ಮಂಕು. ಕಲಬೆರಕೆ ಮಾಲು ಅಂತ ಮಾರಿದವನ ವಂಶಕ್ಕೆಲ್ಲ ಶಾಪ ಹಾಕುತ್ತ, ತಲೆಯಲ್ಲಿದ್ದ ನೀಲಿ ಡಬ್ಬದಲ್ಲಿ ಕಾಣುವವರೆಗೂ ಸುರಿದಳು. ಶರ್ಟು ನೋಡಿದ ವಸಂತ್ ಒಂದು ಸಲ ಕಣ್ಣು ಮಿಟುಕಿಸಿದರು. ದುಡ್ಡು ಎಣಿಸಿ ಕೊಟ್ಟು, ಗಂಟು ಎತ್ತಿಕೊಂಡು ಹೋದರು.

ಸಂಕ್ರಾಂತಿಗೆ ಎಳ್ಳಿನಲ್ಲಿ ಕಲ್ಲು ಕಾಣದಾದಾಗ ಮಗಳು ಪ್ರತಿಭಾ ಕಣ್ಣಾಸ್ಪತ್ರೆಗೆ ಎಳೆದುಕೊಂಡು ಹೋದಳು. ಎರಡೂ ಕಣ್ಣಿಗೆ ಪೊರೆ! ಮೊದಲು ಬಲಗಣ್ಣಿನದು ತೆಗೆಯೋಣ, ತಿಂಗಳು ಬಿಟ್ಟು ಎಡಗಣ್ಣಿನದು ಎಂದರು ಡಾಕ್ಟರು. ಪೊರೆ ಬಂದರೆ ನೀಲಿಯೇ ಮೊದಲು ಮಂಕಾಗುವುದು ಅಂತಲೂ ಹೇಳಿದರು. ನಾರಾಯಣಮ್ಮನಿಗೆ ಥಟ್ಟನೆ ದೀಪಾವಳಿಯ ನವಿಲು ನೀಲಿ ನೆನಪಾಯಿತು.

ಬಲಗಣ್ಣು ಸರಿಹೋದ ಮೇಲೆ ನೇರ ಪಾರ್ಕಿಗೆ ಹೋದಳು. ಅಲ್ಲಿ ಇಪ್ಪತ್ತನಾಲ್ಕು ಬೆನ್ನುಗಳು ಕುಣಿಯುತ್ತಿದ್ದವು. ಅಯ್ಯೋ ಶಿವನೇ! ಅದೇನು ನವಿಲೇ? ನವಿಲಿಗೆ ಕರೆಂಟ್ ಹೊಡೆದ ಹಾಗಿತ್ತು. 

"ಯಾಕ್ ಸಾರ್ ನನಗೊಂದ್ ಮಾತು ಹೇಳ್ಲಿಲ್ಲ ನೀವು?" ಎಂದು ವಸಂತರ ಮೇಲೆ ಹರಿಹಾಯ್ದಳು. "ಎಲ್ಲಾ ಬಿಚ್ಚಿಕೊಡಿ. ಹೊಸಾ ಶರ್ಟ್ ತಂದು ನಾನೇ ಹಾಕ್ಕೊಡ್ತೀನಿ."

"ಸುಮ್ನಿರಿ ನಾರಾಯಣಮ್ಮ! ಮೊದ್ಲು ನಮಗೂ ಗಾಬರಿ ಆಯ್ತು, ನಿಜ. ಈಗ ವಿ.ವಿ. ಪುರಂ ಟೀಮಿನೋರು ಇದೇ ನೀಲಿ ಬೇಕು ಅಂತ ಪ್ರಾಣ ತಿಂತಿದಾರೆ. ನಲವತ್ತು ಪೀಸು. ಒಂಚೂರೂ ಬೇರೆ ಆಗ್ಬಾರ್ದಂತೆ."

ಆಕೆ ಜೀವಮಾನದಲ್ಲೇ ಮೊದಲ ಸಲ ಮಾದರಿ ಶರ್ಟನ್ನು ಎದುರಿಗೆ ಹರಡಿಕೊಂಡು ಬೆರೆಸಿದಳು. ಬಣ್ಣ ಹಸಿಯಲ್ಲಿ ಒಂದು, ಒಣಗಿದ ಮೇಲೆ ಇನ್ನೊಂದು. ಆ ಅಂತರ ಹಳೇ ಕಣ್ಣಿಗೆ ರೂಢಿಯಾಗಿತ್ತು, ಹೊಸ ಕಣ್ಣಿಗೆ ಇನ್ನೂ ಆಗಿರಲಿಲ್ಲ. ಮೊದಲನೆಯದು ತೆಳುವಾಯಿತು. ಎರಡನೆಯದು ಕಪ್ಪಿಟ್ಟಿತು. ಮೂರನೆಯದನ್ನು ನೋಡಲೇ ಆಗಲಿಲ್ಲ. ನಿಜ ಹೇಳಬೇಕೆಂದರೆ ನಾರಾಯಣಮ್ಮ ಹೆದರಿದಳು. ಆಗಲ್ಲ ಅಂದರೆ ಪೇಟೆಯೆಲ್ಲ ಏನನ್ನುತ್ತದೆ? ಕಣ್ಣು ಬಂದ ಮೇಲೆ ನಾರಾಯಣಮ್ಮನ ಕಣ್ಣು ಹೋಯಿತು ಅನ್ನುವುದಿಲ್ಲವೇ?

ಮೂರನೆಯ ಡಬ್ಬಕ್ಕೆ ಮುಚ್ಚಳ ಒತ್ತಿದಳು. ಆಮೇಲೆ ಮಾದರಿಯನ್ನು ಮಡಚಿ ಪಕ್ಕಕ್ಕೆ ಎಸೆದು, ಬಲಗಣ್ಣನ್ನು ಕರ್ಚೀಫಿನಿಂದ ಕಟ್ಟಿಕೊಂಡಳು. ಎಡಗಣ್ಣಿಗೆ ಲೋಕವೆಲ್ಲ ಮತ್ತೆ ಮಂಕು. ಪುಟ್ಟ ಬಟ್ಟಲಲ್ಲಿ ಒಂದು ಚಮಚ ಹಾಕಿದಳು, ಮತ್ತೊಂದು ಹಾಕಿದಳು, ಮಾಲು ಮಾರಿದವನಿಗೆ ಬಾಯಿ ತುಂಬ ಬೈದಳು. ತುಂಡುಬಟ್ಟೆಗೆ ಎಳೆದು ಇಸ್ತ್ರಿ ಒತ್ತಿ, ಕಟ್ಟು ಬಿಚ್ಚಿ ನೋಡಿದರೆ ಅದೇ ನವಿಲು, ಅದೇ ಕರೆಂಟು! ಒಬ್ಬಳೇ ಕೂತು ಹೊಟ್ಟೆ ಹಿಡಿದು ನಕ್ಕಳು. ಇನ್ನು ನಲವತ್ತು ಶರ್ಟಿಗಾಗುವಷ್ಟು ಬೆರೆಸುವುದಿತ್ತು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಕಣ್ಣಾಸ್ಪತ್ರೆಯ ಹುಡುಗಿ.

"ಅಮ್ಮಾ, ನಾಳೆ ಎಡಗಣ್ಣಿನ ಆಪರೇಷನ್. ಎಂಟ್ ಗಂಟೆಗೆಲ್ಲ ಬಂದ್ಬಿಡಿ."

"ನಾಳೆ ಆಗಲ್ಲ ಕಣಮ್ಮ," ಎಂದಳು ನಾರಾಯಣಮ್ಮ. "ಆ ಕಣ್ಣಿಗೆ ನಲವತ್ತು ಪೀಸ್ ಆರ್ಡರ್ ಬಂದಿದೆ."