ಟ್ರ್ಯಾಕ್ಟರಿಗೆ ಪೌಡರ್ ಹಚ್ಚಿದ ಹಾರ್ನಕ್ಕ

ಅವಳು ಬೀದಿಗೆ ಬರುವ ಮುಂಚೆಯೇ ಅವಳ ಹಾರ್ನ್ ಬಂದುಬಿಡುತ್ತಿತ್ತು. ಹಿಟ್ಟಿನ ಗಿರಣಿಯ ತಿರುವಿನಲ್ಲಿ ಒಂದು ಉದ್ದನೆಯ ಕೂಗು, ಹಾಲಿನಂಗಡಿಯ ಹತ್ತಿರ ಎರಡು ಚಿಕ್ಕವು. ಕೇಳಿದ್ದೇ ತಡ, ದಾರಿಗಡ್ಡ ಮಲಗಿದ್ದ ನಾಯಿಗಳು ಮೈಮುರಿದು ಎದ್ದು ಪಕ್ಕಕ್ಕೆ ಹೋಗುತ್ತಿದ್ದವು, ಸೈಕಲ್ಲಿನವರು ಗೋಡೆಗೆ ಅಂಟಿಕೊಳ್ಳುತ್ತಿದ್ದರು. ಹಿಂದೆಯೇ ಬಣ್ಣ ಮಾಸಿದ ಹಳೇ ಟ್ರ್ಯಾಕ್ಟರ್, ಅದರ ಮೇಲೆ ಸೆರಗನ್ನು ಸೊಂಟಕ್ಕೆ ಬಿಗಿದು ನೆಟ್ಟಗೆ ಕೂತ ಅವಳು. ಹೆತ್ತವರು ಇಟ್ಟ ಹೆಸರು ಏನಿತ್ತೋ, ಬೀದಿಗೆಲ್ಲ ಅವಳು ಹಾರ್ನಕ್ಕ.

ಇಟ್ಟಿಗೆ, ಜಲ್ಲಿ, ಮೇವು, ಮನೆ ಬದಲಾಯಿಸುವವರ ಬೀರು ಮಂಚ, ಯಾರು ಏನು ಹೇಳಿದರೂ ಸಾಗಿಸಿ ಕೊಡುವುದು ಅವಳ ಕೆಲಸ. ಗಂಡ ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು, ಕೊರಳಲ್ಲಿ ಟೇಪು ನೇತುಹಾಕಿಕೊಂಡು ಕೂತಿರುವ ಮೆತ್ತಗಿನ ಮನುಷ್ಯ. "ನಮ್ಮನೇಲಿ ಇಂಜಿನ್ ಓಡಿಸೋಳು ಅವಳು, ನಾನು ಬರೀ ದಾರ ಓಡಿಸೋನು" ಎಂದು ಬಂದವರಿಗೆಲ್ಲ ಹೇಳಿ ತಾನೇ ಮೊದಲು ನಗುತ್ತಿದ್ದ.

ಒಂದು ಸಲ ಟ್ರೈಲರಿನಿಂದ ಬಿದ್ದು ಹಾರ್ನಕ್ಕನ ಭುಜ ಮುರಿದಿತ್ತು. ಮೂಳೆ ಕೂಡಿತು, ಕಸುವು ಕೂಡಲಿಲ್ಲ. ತುಂಬಿದ ಬಕೆಟ್ಟು ಎತ್ತಲಾರದ ಆ ಕೈಯಲ್ಲಿ ಅವಳು ಇನ್ನೂ ಟ್ರ್ಯಾಕ್ಟರ್ ಓಡಿಸುತ್ತಿದ್ದಳೆಂದರೆ ಅದಕ್ಕೆ ಪವರ್ ಸ್ಟೀರಿಂಗೇ ಕಾರಣ. ಆಯಿಲಿನ ಒತ್ತಡವೇ ಚಕ್ರ ತಿರುಗಿಸುವಾಗ ಇವಳು ಬರೀ ಬೆರಳು ತೋರಿಸಿದರೆ ಸಾಕಿತ್ತು.

ಆ ಆಯಿಲೇ ಸೋರತೊಡಗಿತು. ಬೆಳಗ್ಗೆ ತುಂಬಿಸಿದ ಸ್ಟೀರಿಂಗಿನ ಆಯಿಲ್ ಡಬ್ಬಿ ಮಧ್ಯಾಹ್ನಕ್ಕೆ ತಳ ಕಾಣುತ್ತಿತ್ತು. ಸ್ಟೀರಿಂಗ್ ಬಿಗಿಯಾಗಿ, ತಿರುಗಿಸಿದರೆ ಹಸಿದ ಎಮ್ಮೆಯ ಹಾಗೆ ನರಳುತ್ತಿತ್ತು. ಗ್ಯಾರೇಜಿನ ಮೇಸ್ತ್ರಿ ಬಂದ. ಯಾರು ಏನು ಹೇಳಿದರೂ 'ಆಯ್ತು ಬಿಡಿ' ಅನ್ನುವವನಾದ್ದರಿಂದ ಅವನ ಹೆಸರೇ ಆಯ್ತುಬಿಡಿ ಮೇಸ್ತ್ರಿ. ಮುಂದಿನ ಆಕ್ಸಲ್ಲಿಗೆ ಅಂಟಿಕೊಂಡ, ಚಕ್ರ ತಿರುಗಿಸುವ ಸಿಲಿಂಡರಿನ ಕೆಳಗೆ ಆಯಿಲ್ ಜಿನುಗಿದ್ದು ನೋಡಿ ಅದರ ಸೀಲು ಬದಲಾಯಿಸಿದ. ಸೋರಿತು. ಮತ್ತೆ ಬಿಚ್ಚಿ ಬೇರೆ ಸೀಲು ಹಾಕಿದ. ಅದೂ ಸೋರಿತು. ಕೊನೆಗೆ ಕೈ ಒರೆಸಿಕೊಂಡು, "ಉಳಿದಿರೋದು ಆಯಿಲ್ ತಳ್ಳೋ ಪಂಪೊಂದೇ ಅಕ್ಕ. ಈ ಮಾಡೆಲ್ಲಿಗೆ ಪಂಪು ಈಗ ಎಲ್ಲೂ ಸಿಗಲ್ಲ. ಆಯ್ತು ಬಿಡಿ" ಎಂದ.

ಆ ಸಲದ 'ಆಯ್ತು ಬಿಡಿ' ಹಾರ್ನಕ್ಕನ ಎದೆಗೆ ನಾಟಿತು.

ಟ್ರ್ಯಾಕ್ಟರಿನಲ್ಲಿ ಅರ್ಧ ಪಾಲು ಮೈದುನನದು. ಕೆಟ್ಟವನಲ್ಲ, ಅವಸರದವನು. ಮಾರನೇ ದಿನ ಬೆಳಗ್ಗೆಯೇ ಬಂದು ಹೇಳಿದ: "ಅತ್ತಿಗೆ, ಗುಜರಿಯವನಿಗೆ ಹೇಳಿಬಿಟ್ಟಿದ್ದೀನಿ. ಸಾಯಂಕಾಲ ಲಾರಿ ತರ್ತಾನೆ. ಆ ಬಿಗಿ ಸ್ಟೀರಿಂಗ್ ಎಳೆದೂ ಎಳೆದೂ ಇರೋ ಭುಜಾನೂ ಕಳ್ಕೋಬೇಡಿ. ಹಾಯಾಗಿ ಮನೇಲಿರಿ."

"ಹಾಯಾಗಿ ಇರೋದು ಹೇಗೆ ಅಂತ ನನಗೆ ಗೊತ್ತಿಲ್ಲವಲ್ಲಪ್ಪ" ಎಂದಳು ಹಾರ್ನಕ್ಕ. "ಸಾಯಂಕಾಲದೊಳಗೆ ಸೋರೋದು ನಿಂತ್ರೆ?"

"ನಿಂತ್ರೆ ನಾನೇ ಖಾಲಿ ಲಾರಿಗೆ ಕೈ ಬೀಸಿ ಕಳಿಸ್ತೀನಿ."

ಅಂಗಳದಲ್ಲಿ ಟ್ರ್ಯಾಕ್ಟರ್ ಎಂದಿನಂತೆ ಮುಂದಿನ ಚಕ್ರಗಳನ್ನು ಪೂರ್ತಿ ಬಲಕ್ಕೆ ತಿರುಗಿಸಿಕೊಂಡು ನಿಂತಿತ್ತು. ಅದು ಅತ್ತೆಯ ಕಾನೂನು. ಎಡಕ್ಕೆ ತಿರುಗಿದ್ದರೆ ಚಕ್ರದ ಮೂತಿ ಅಡುಗೆಮನೆಯ ದಾರಿಗೆ ಚಾಚಿಕೊಳ್ಳುತ್ತಿತ್ತು. ಒಮ್ಮೆ ಅದಕ್ಕೆ ಎಡವಿದ ಮುದುಕಿ, "ಈ ಮನೇಲಿ ನಾನಿರ್ಬೇಕು, ಇಲ್ಲ ಆ ಚಕ್ರ ಬಲಕ್ಕಿರ್ಬೇಕು" ಎಂದು ಸಾರಿದ್ದಳು. ಅಂದಿನಿಂದ ಯಾರೂ ಆ ಮಾತು ಮೀರಿರಲಿಲ್ಲ. ಮೇಸ್ತ್ರಿ ಕೂಡ.

ಹಾರ್ನಕ್ಕ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅತ್ತೆ ಪೊರಕೆ ಹಿಡಿದು ಬಂದಳು.

"ಎಣ್ಣೆ ಹುಡುಕ್ತಿದ್ದೀಯಾ? ಇಲ್ಲೆಲ್ಲಿ ಸಿಗುತ್ತೆ? ದಿನಾ ಗುಡಿಸೋಳು ನಾನು. ಈ ಕಲ್ಲುಹಾಸಿನ ಮೇಲೆ ಒಂದು ತೊಟ್ಟು ಬಿದ್ದಿದ್ರೆ ನಿನ್ನ ಸುಮ್ಮನೆ ಬಿಡ್ತಿದ್ನಾ?"

"ಮತ್ತೆ ಡಬ್ಬಿಗಟ್ಟಲೆ ಆಯಿಲ್ ಎಲ್ಲಿಗೆ ಹೋಗುತ್ತೆ ಅತ್ತೆ?"

"ಗಿರಣಿ ತಿರುವಿಗೆ ಹೋಗಿ ನೋಡು. ನೆಲವೆಲ್ಲ ಕಪ್ಪು. ಹಿಟ್ಟು ಹಾಕಿಸೋಕೆ ಹೋದಾಗೆಲ್ಲ ಗಿರಣಿಯವಳು ನನ್ನ ಹತ್ರ ಚಾಡಿ ಹೇಳ್ತಾಳೆ, ನಿಮ್ಮ ಸೊಸೆ ನಮ್ಮ ಬಾಗಿಲಿಗೆ ಎಣ್ಣೆ ಚೆಲ್ತಾಳೆ ಅಂತ."

ಹಾರ್ನಕ್ಕ ತಲೆ ಎತ್ತಿದಳು. ಗಿರಣಿಯ ತಿರುವು ಅವಳು ದಿನವೂ ತಿರುಗುವ ತಿರುವು. ಎಡಕ್ಕೆ, ಅದೂ ಪೂರ್ತಿ ಎಡಕ್ಕೆ. ಅಂಗಳದಲ್ಲಿ ಚಕ್ರ ಯಾವಾಗಲೂ ಬಲಕ್ಕೆ. ಅಂದಮೇಲೆ ಇಷ್ಟು ದಿನ ಎಲ್ಲರೂ ಸೋರದೇ ಇರುವಾಗಲೇ ಸೋರಿಕೆ ಹುಡುಕುತ್ತಿದ್ದರು!

"ಅತ್ತೆ, ಇವತ್ತೊಂದಿನ ನಿಮ್ಮ ದಾರಿ ನನಗೆ ಕೊಡಿ" ಎಂದವಳೇ ಒಳಗೆ ಓಡಿದಳು.

ಮೊದಲು ಸಿಲಿಂಡರಿನಿಂದ ಹಿಡಿದು ಮೇಲಿನ ಪೈಪುಗಳವರೆಗೆ ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿ ಜಿಡ್ಡೆಲ್ಲ ತೆಗೆದಳು. ಒಣಗಿದ ಮೇಲೆ ಕನ್ನಡಿಯ ಮುಂದಿದ್ದ ಮುಖದ ಪೌಡರಿನ ಡಬ್ಬಿ ತಂದು ಧಾರಾಳವಾಗಿ ಉದುರಿಸಿದಳು. ಕಬ್ಬಿಣವೆಲ್ಲ ಬೆಳ್ಳಗಾಗಿ ಘಮಘಮಿಸಿತು. ಅಷ್ಟರಲ್ಲಿ ಮೈದುನನ ಜೊತೆ ಮೇಸ್ತ್ರಿಯೂ ಬಂದ, ಹಳೇ ಟ್ರ್ಯಾಕ್ಟರಿಗೆ ವಿದಾಯ ಹೇಳೋಣ ಎಂದು.

"ಏನಕ್ಕ, ಗುಜರಿಯವನು ಹೆಣ್ಣು ನೋಡೋಕೆ ಬರ್ತಿದ್ದಾನಾ? ಇಷ್ಟೊಂದು ಅಲಂಕಾರ!"

"ಬಾಯ್ಮುಚ್ಚಿ ಹಿಂದಿನ ಚಕ್ರಕ್ಕೆ ಕಲ್ಲು ಕೊಡು ಮೇಸ್ತ್ರಿ. ಬಿಳೀ ಸೀರೆ ಮೇಲೆ ಕಾಫಿ ಬಿದ್ರೆ ಎಲ್ಲಿ ಬಿತ್ತು ಅಂತ ಗೊತ್ತಾಗಲ್ವಾ? ಹಾಗೆ ಇದೂ. ರೀ! ಇಲ್ಲಿ ಬನ್ನಿ, ಸೀಟಿನ ಮೇಲೆ ಕೂತ್ಕೊಳ್ಳಿ."

ಕತ್ತರಿ ಹಿಡಿದು ಬಂದ ದರ್ಜಿ ಅಲ್ಲೇ ನಿಂತ. "ನಾನಾ?"

"ಅಲ್ಲ, ನಿಮ್ಮ ಮಷಿನ್ನು. ಹತ್ತಿ ಮೇಲೆ!"

ಅವನು ಏಣಿ ಹತ್ತುವವನಂತೆ ಒಂದೊಂದೇ ಕಾಲಿಟ್ಟು ಹತ್ತಿದ. ಗೇರು ನ್ಯೂಟ್ರಲ್ಲಿನಲ್ಲಿದೆಯೇ ಎಂದು ಮೇಸ್ತ್ರಿ ನೋಡಿ ಇಂಜಿನ್ ಶುರು ಮಾಡಿದ. ದರ್ಜಿ ಕಣ್ಣು ಮುಚ್ಚಿಕೊಂಡ.

"ಕಣ್ಣು ಬಿಡ್ರೀ! ಬಲಕ್ಕೆ ಹಿಡೀರಿ." ಪೌಡರು ಹಾಗೇ ಇತ್ತು. "ನೇರಕ್ಕೆ ತನ್ನಿ." ಹಾಗೇ ಇತ್ತು. "ಈಗ ಎಡಕ್ಕೆ. ಇನ್ನೂ. ಇನ್ನೂ ಎಡಕ್ಕೆ!"

ಚಕ್ರ ಅಡುಗೆಮನೆಯ ದಾರಿಗೆ ಮೂತಿ ಚಾಚಿತು. ಅತ್ತೆ ಒಂದು ಹೆಜ್ಜೆ ಹಿಂದೆ ಸರಿದಳು. ಹಾರ್ನಕ್ಕ ಬಗ್ಗಿ ನೋಡಿದಳು. ಸಿಲಿಂಡರಿನ ಸೀಲು ಬೆಳ್ಳಗೆ ಒಣಗಿಯೇ ಇತ್ತು. ಆದರೆ ಅದಕ್ಕಿಂತ ಎಷ್ಟೋ ಮೇಲೆ, ಎರಡು ಕಬ್ಬಿಣದ ಪಟ್ಟಿಗಳ ನಡುವೆ ನುಸುಳಿ ಬರುವ ರಬ್ಬರ್ ಪೈಪಿನ ಬೆನ್ನಿನ ಮೇಲೆ ಒಂದು ಕಪ್ಪು ಗೆರೆ ಮೂಡಿತು. ಗೆರೆ ಪೈಪಿನ ಹೊಟ್ಟೆಗಿಳಿದು, ಅದನ್ನೇ ಹಿಡಿದು ಕೆಳಗೆ ಜಾರಿ, ಸಿಲಿಂಡರಿನ ತುದಿಯಲ್ಲಿ ತೊಟ್ಟಾಗಿ ನಿಂತಿತು. ಬೆರಳಿಟ್ಟು ನೋಡಲು ಕೈ ಚಾಚಿದ ಮೈದುನನನ್ನು ಅವಳು ತಡೆದಳು. "ಒತ್ತಡದಲ್ಲಿರೋ ಆಯಿಲ್, ಚರ್ಮ ತೂರಿಬಿಡುತ್ತೆ." ಗಂಡ ಬಟ್ಟೆ ಕತ್ತರಿಸಲು ಇಟ್ಟುಕೊಂಡಿದ್ದ ರಟ್ಟೊಂದನ್ನು ಅಲ್ಲಿ ಹಿಡಿದಳು. ರಟ್ಟಿನ ಮೇಲೆ ಸರ್ರನೆ ಕಪ್ಪು ಹನಿಗಳು ಚಿಮ್ಮಿದವು.

"ಸಿಕ್ಕಿಬಿದ್ದ ಕಳ್ಳ!" ಎಂದು ಮೇಸ್ತ್ರಿ ತೊಡೆ ತಟ್ಟಿದ. "ಅವನು ಮೇಲಿದ್ದಾನೆ, ನಾನು ಕೆಳಗಿನ ಮನೆ ಬಾಗಿಲು ಬಡೀತಿದ್ದೀನಿ ನೋಡಿ!"

ಇಂಜಿನ್ ಆರಿಸಿ ಪೈಪು ಬಿಚ್ಚಿದರು. ಪಟ್ಟಿಗೆ ಉಜ್ಜಿ ಉಜ್ಜಿ ರಬ್ಬರು ಸವೆದು ಬಿರುಕು ಬಿಟ್ಟಿತ್ತು. ಎಡಕ್ಕೆ ತಿರುಗಿದಾಗ ಪೈಪು ಎಳೆದುಕೊಂಡು ಬಾಯಿ ಬಿಡುತ್ತಿತ್ತು, ಬಲಕ್ಕೆ ತಿರುಗಿದರೆ ಸಂಭಾವಿತನಂತೆ ಮುಚ್ಚಿಕೊಳ್ಳುತ್ತಿತ್ತು. ಯಾಕೆ ಎಳೆದುಕೊಳ್ಳುತ್ತದೆ ಎಂದು ಮೇಸ್ತ್ರಿ ತಲೆ ಕೆರೆದುಕೊಳ್ಳುತ್ತಿದ್ದಾಗ ದರ್ಜಿ ಕೊರಳಿನ ಟೇಪು ತೆಗೆದು ಪೈಪು ಹೋಗುವ ದಾರಿಯುದ್ದಕ್ಕೂ ಹಿಡಿದು ನೋಡಿದ.

"ಇದು ಗಿಡ್ಡ ಆಗಿದೆ ಕಣೇ. ಹಿಂದೆ ಯಾರೋ ಬೇರೆ ಗಾಡಿದು ತಂದು ಹಾಕಿದ್ದಾರೆ. ತೋಳು ಗಿಡ್ಡ ಹೊಲಿದ್ರೆ ಕೈ ಎತ್ತಿದಾಗ ಕಂಕುಳು ಹರಿಯುತ್ತಲ್ಲ, ಅದೇ ಕಥೆ. ನಾಲ್ಕು ಬೆರಳು ಸಡಿಲ ಕೊಟ್ಟು ಮಾಡಿಸು."

ಹಾರ್ನಕ್ಕ ಗಂಡನ ಮುಖವನ್ನೇ ನೋಡಿದಳು. "ಇಷ್ಟು ವರ್ಷ ಈ ಜಾಣತನಾನ ಎಲ್ಲಿ ಬಚ್ಚಿಟ್ಟಿದ್ರಿ?"

"ನೀನು ಸೀಟು ಬಿಟ್ಟುಕೊಟ್ರೆ ತಾನೆ!"

ಪೇಟೆಯ ಪೈಪಿನಂಗಡಿಯಲ್ಲಿ ದರ್ಜಿ ಕೊಟ್ಟ ಅಳತೆಗೇ ಹೊಸ ಪೈಪು ಕತ್ತರಿಸಿ, ಎರಡೂ ತುದಿಗೆ ಹಿತ್ತಾಳೆಯ ನಟ್ಟು ಕೂರಿಸಿ ಒತ್ತಿಕೊಟ್ಟರು. ಮೇಸ್ತ್ರಿ ಅದನ್ನು ಪಟ್ಟಿಯಿಂದ ದೂರಕ್ಕೆ ಬಳಸಿ ತಂದು ಕ್ಲಿಪ್ ಹಾಕಿ ಬಿಗಿದ. ಹಾರ್ನಕ್ಕ ಟೈರಿನ ಹಳೇ ಟ್ಯೂಬಿನ ತುಂಡನ್ನು ಅದಕ್ಕೊಂದು ಅಂಗಿಯಂತೆ ತೊಡಿಸಿದಳು. ಹೊಸ ಆಯಿಲ್ ಸುರಿದು, ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸಿದಂತೆಲ್ಲ ಒಳಗಿನ ಗಾಳಿ ಆಯಿಲ್ ಡಬ್ಬಿಯಲ್ಲಿ ನೊರೆಯಾಗಿ ಎದ್ದು ಒಡೆಯಿತು. ನರಳಾಟ ನಿಂತಿತು. ಪೌಡರು ಮತ್ತೆ ಉದುರಿಸಿ, ಈ ಸಲ ಹಾರ್ನಕ್ಕನೇ ಸೀಟಿಗೆ ಹತ್ತಿ ಎಡಕ್ಕೆ ತಿರುಗಿಸಿದಳು. ಗೆರೆ ಮೂಡಲಿಲ್ಲ.

ಅದೇ ಹೊತ್ತಿಗೆ ಬೀದಿಯಲ್ಲಿ ಗಲಾಟೆ ಕೇಳಿಸಿತು. ಗುಜರಿಯವನ ಲಾರಿ ಗಿರಣಿಯ ತಿರುವಿನಲ್ಲಿ ಹಿಮ್ಮುಖವಾಗಿ ಬರಲು ಹೋಗಿ ಹಿಂದಿನ ಚಕ್ರವನ್ನು ಚರಂಡಿಗೆ ಇಳಿಸಿಬಿಟ್ಟಿತ್ತು. ಹಾರ್ನಕ್ಕ ಸೀಟಿನಿಂದ ಇಳಿಯಲೇ ಇಲ್ಲ. ಉದ್ದನೆಯ ಒಂದು ಕೂಗು ಹಾಕಿ ಗೇಟು ದಾಟಿದಳು. ಜನ ಚದುರಿದರು, ನಾಯಿಗಳು ಎದ್ದವು. ಮೈದುನ ಲಾರಿಗೂ ಟ್ರ್ಯಾಕ್ಟರಿಗೂ ಸರಪಳಿ ಬಿಗಿದ. ಅವಳು ಮುರಿದ ಭುಜದ ಕೈಯನ್ನೇ ಸ್ಟೀರಿಂಗಿನ ಮೇಲಿಟ್ಟು, ಎಲ್ಲರೂ ನೋಡುತ್ತಿದ್ದಂತೆ, ಪೂರ್ತಿ ಎಡಕ್ಕೆ ತಿರುಗಿಸಿ ಎಳೆದಳು. ಲಾರಿ ಒಮ್ಮೆ ತೇಗಿ ರಸ್ತೆಗೆ ಹತ್ತಿತು.

"ಒಯ್ಯಬೇಕಾದ ಹಳೇ ಟ್ರ್ಯಾಕ್ಟರ್ ಎಲ್ಲಿದೆ?" ಎಂದು ಕೇಳಿದ ಬೆವರಿದ ಗುಜರಿಯವನು.

"ನಿಮ್ಮನ್ನ ಎಳೆದು ನಿಂತಿದೆಯಲ್ಲ, ಅದೇ" ಎಂದ ಮೈದುನ. ಆಮೇಲೆ ಕೊಟ್ಟ ಮಾತಿನಂತೆ ನಡುರಸ್ತೆಯಲ್ಲಿ ನಿಂತು ಖಾಲಿ ಲಾರಿಗೆ ಕೈ ಬೀಸಿದ. ಗಿರಣಿಯವಳು ಹೊರಗೆ ಬಂದು ತನ್ನ ಬಾಗಿಲ ಮುಂದಿನ ನೆಲವನ್ನು ಬಗ್ಗಿ ಬಗ್ಗಿ ನೋಡಿದಳು. ಹೊಸ ತೊಟ್ಟು ಒಂದೂ ಇರಲಿಲ್ಲ.

ಅಂಗಳಕ್ಕೆ ವಾಪಸು ಬಂದ ಹಾರ್ನಕ್ಕ ಎಂದಿನಂತೆ ಚಕ್ರ ಬಲಕ್ಕೆ ತಿರುಗಿಸಲು ಹೋದಳು. ಅಡುಗೆಮನೆಯ ಬಾಗಿಲಿನಿಂದ ಅತ್ತೆ ಪೊರಕೆ ಎತ್ತಿದಳು.

"ಬೇಡ, ಎಡಕ್ಕೇ ಇರಲಿ. ಇನ್ಮೇಲೆ ಒಂದು ತೊಟ್ಟು ಸೋರಿದ್ರೂ ನನ್ನ ಕಲ್ಲುಹಾಸಿನ ಮೇಲೇ ಬೀಳ್ಬೇಕು, ನನ್ನ ಕಣ್ಣಿಗೇ ಕಾಣ್ಬೇಕು. ನಾನು ಸುತ್ತಿಕೊಂಡು ಹೋಗ್ತೀನಿ."