ಕೊನೆಯ ಹಾಳೆಯ ಪೊಟ್ಟಣ

ನಾವು ಹುಡುಗರಾಗಿದ್ದಾಗ ಕೊಟ್ಟೂರಿನ ನಮ್ಮ ಓಣಿಯಲ್ಲಿ ಚಿತ್ರಕಥೆ ಪುಸ್ತಕ ಬರುತ್ತಿದ್ದುದು ಒಂದೇ ಮನೆಗೆ. ಗೆಳೆಯ ಕೊಟ್ರೇಶಿಗೆ ಅವನ ಸೋದರಮಾವ ದಾವಣಗೆರೆಯಿಂದ ಬಸ್ಸಿನಲ್ಲಿ ಕಳಿಸುತ್ತಿದ್ದ. ತಮ್ಮ ಮಂಡಕ್ಕಿ ಅಂಗಡಿಯ ಕಟ್ಟೆಯ ಮೇಲೆ ಕೂತು ಅವನು ತಡವರಿಸುತ್ತ ಓದುತ್ತಿದ್ದ. ನಾವು ಒಗ್ಗರಣೆಯ ವಾಸನೆ ಹೀರುತ್ತ ಕೇಳುತ್ತಿದ್ದೆವು. ಅವನಿಗಿಂತ ಚೆನ್ನಾಗಿ ಓದುತ್ತಿದ್ದವನು ನಾನು. "ನಾ ಓದ್ತೀನಿ ಕೊಡಲೇ" ಅಂದರೆ, "ನಿಮ್ಮ ಮಾವಗ ಹೇಳಿ ತರಿಸ್ಕೋ" ಅನ್ನುತ್ತಿದ್ದ. ನನಗೆ ಮಾವನೇ ಇರಲಿಲ್ಲ.

ಒಂದು ಬೇಸಿಗೆ ರಜೆಯಲ್ಲಿ, ಅವನು ನೀರು ಕುಡಿಯಲು ಒಳಗೆ ಹೋದಾಗ, ಹೊಸ ಪುಸ್ತಕದ ಕೊನೆಯ ಹಾಳೆ ಓದಿಬಿಟ್ಟೆ. ಅಣೆಕಟ್ಟಿನಿಂದ ಜೋತುಬಿದ್ದ ಕಳ್ಳನನ್ನು ಮುಸುಕಿನ ವೀರ ಮೇಲೆಳೆದು, ಭುಜ ತಟ್ಟಿ ಮನೆಗೆ ಕಳಿಸುತ್ತಾನೆ. ಓದಿದವನೇ ಆ ಹಾಳೆ ಕಿತ್ತು, ಅವರವ್ವ ಗಂಗಮ್ಮ ಪೊಟ್ಟಣ ಕಟ್ಟಲು ಇಟ್ಟಿದ್ದ ರದ್ದಿಯೊಳಗೆ ತುರುಕಿದೆ.

ಸಂಜೆ ಓದು ಮುಗಿದಾಗ ಕಳ್ಳ ಜೋತಾಡುತ್ತಲೇ ಉಳಿದ. ಹಾಳೆ ಹರಿದು ಪೊಟ್ಟಣ ಕಟ್ಟಿದಳೆಂದು ಕೊಟ್ರೇಶಿ ಅವ್ವನ ಮೇಲೆ ಹರಿಹಾಯ್ದ. ಓದು ಬಾರದ ಗಂಗಮ್ಮ ಕಟ್ಟಿಟ್ಟ ಪೊಟ್ಟಣಗಳನ್ನೆಲ್ಲ ಬಿಚ್ಚಿ ಹುಡುಕಿದಳು. ಹಾಳೆ ಆಗಲೇ ಯಾರದೋ ಮಂಡಕ್ಕಿಯೊಂದಿಗೆ ಹೋಗಿತ್ತು.

"ನಂದ ತಪ್ಪಪ್ಪಾ. ಯಾವ ಹಾಳಿ ಎಂಥದ್ದಂತ ನನಗೆಲ್ಲಿ ತಿಳೀತೈತಿ" ಎಂದಳು.

ಅವಳೇ ಕೊಟ್ಟ ಮಂಡಕ್ಕಿಯನ್ನು ನಾನು ಮೆಲ್ಲುತ್ತಿದ್ದೆ.

ಕೊಟ್ರೇಶಿ ಕೊನೆಯನ್ನು ತಾನೇ ಕಟ್ಟಿದ: ವೀರ ಕೈ ಬಿಟ್ಟ, ಕಳ್ಳ ಸತ್ತ. ಹುಡುಗರು ಸಿಳ್ಳೆ ಹೊಡೆದರು. ನಿಜವಾದ ಕೊನೆ ಬಲ್ಲ ನನಗೆ ಆ ಸಿಳ್ಳೆಗೂ ಹೊಟ್ಟೆಕಿಚ್ಚು.

ಎರಡು ಸಾವಿರದ ಇಸವಿ ದಾಟಿ ಕೆಲ ವರ್ಷವಾಗಿತ್ತು. ನನ್ನ ಮೊಮ್ಮಗ ಹಾಕಿದ ಟೀವಿಯಲ್ಲಿ ಅಂಥದೇ ಮುಸುಕಿನವನೊಬ್ಬ ಬಂದ. ನಮ್ಮ ಕಾಲದವನು ನಗುತ್ತಿದ್ದ. ಇವನು ಹಲ್ಲು ಕಚ್ಚಿಕೊಂಡೇ ಇದ್ದ. ಕೈಗೆ ಸಿಕ್ಕ ಕಳ್ಳನನ್ನು ಎತ್ತರದ ಕಟ್ಟಡದಿಂದ ಕೆಳಗೆ ಬಿಟ್ಟುಬಿಟ್ಟ. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಕೊಟ್ರೇಶಿ ನಕ್ಕ.

"ಅವತ್ತ ನಾ ಹೇಳಿದ್ದ ಆತು ನೋಡಲೇ."

ಇಷ್ಟು ವರ್ಷದ ಮೇಲೂ ಅವನೇ ಗೆದ್ದನಲ್ಲ ಎನಿಸಿತು. ತಡೆಯಲಾರದೆ ಹಾಳೆಯ ಸಂಗತಿ ಹೇಳಿಬಿಟ್ಟೆ.

ಕೊನೆ ಏನಿತ್ತೆಂದು ಅವನು ಕೇಳಲಿಲ್ಲ. ಲೋಟ ಕೆಳಗಿಟ್ಟು, "ಅವ್ವ ಸಾಯೋತನಕ ಹಾಳಿ ಹರಿಯೋ ಮುಂದ ನನ್ನ ಕರೀತಿದ್ಲು. 'ಇದು ಬೇಕೇನಪಾ' ಅಂತ ಕೇಳೇ ಹರೀತಿದ್ಲು" ಎಂದು ಎದ್ದುಹೋದ.

ಈಗ ಮಕ್ಕಳ ಕೈಯಲ್ಲೆಲ್ಲ ವೀರರಿದ್ದಾರೆ. ನಾನು ನೋಡಿದವರೊಳಗೆ, ಕಳ್ಳನ ಭುಜ ತಟ್ಟಿ ಮನೆಗೆ ಕಳಿಸುವವನು ಒಬ್ಬನೂ ಇಲ್ಲ. ಇದ್ದ ಒಬ್ಬನನ್ನು ನಾನೇ ಮಂಡಕ್ಕಿ ಕಟ್ಟಲು ಕೊಟ್ಟೆ.